ಇಶಾಡ ಹಣ್ಣಿನ ಬಿಸಿ ಧೋಂಡಸ

ಅಂಕೋಲೆಯ ಕರಿ ಇಶಾಡ ಮಾವು ತಿಂದಿದ್ದೀರಾ? ಸಿಪ್ಪೆ ತೆಳು, ರಸ ಜಾಸ್ತಿ, ಹಣ್ಣಾದರೆ ಹೆಚ್ಚು ದಿನ ತಡೆಯದು. ಸೌತೆಕಾಯಿ, ಹಲಸಿನಲ್ಲಿ ಮಾಡುವ ಧೋಂಡಸವನ್ನು ಆಯಿ ಮೇ ತಿಂಗಳಲ್ಲಿ ಈ ಹಣ್ಣಿನಲ್ಲೇ ಮಾಡುತ್ತಿದ್ದಳು. ಹುರಿದ ರವೆ, ಬೆಲ್ಲ, ಕಾಯಿತುರಿ, ಏಲಕ್ಕಿ, ಹಣ್ಣಿನ ರಸ ಕಲಸಿ ಪಾತ್ರೆಗೆ ಸುರಿದು, ಕೆಳಗೆ ಸಣ್ಣ ಉರಿ, ಮುಚ್ಚಳದ ಮೇಲೆ ಕೆಂಡ. ಬಿಸಿಯಿರುವಾಗಲೇ ತುಪ್ಪ ಹಾಕಿಕೊಂಡು ತಿನ್ನಬೇಕು!

ಕಾರವಾರದ ನನ್ನ ಬಾಡಿಗೆ ಮನೆಯಲ್ಲಿ ಕೆಂಡವೆಲ್ಲಿ? ಓವನ್‌ನಲ್ಲಿ 180 ಡಿಗ್ರಿ, ಮುಕ್ಕಾಲು ಗಂಟೆ. ಹೊಗೆಯ ವಾಸನೆಯೊಂದಿಲ್ಲ, ಅಷ್ಟೇ.

2023ರಲ್ಲಿ ಕರಿ ಇಶಾಡಕ್ಕೆ ಜಿಐ ಟ್ಯಾಗ್ ಸಿಕ್ಕಿತು. ಖುಷಿಯೇ... ಆದರೆ ಅಷ್ಟರಲ್ಲಿ ಹೆದ್ದಾರಿ ಅಗಲವಾಗಿ ಊರಮನೆಯ ನಮ್ಮ ಮರ ಹೋಗಿತ್ತು. ಬಾವಿಕಟ್ಟೆ ಪಕ್ಕ ಕಸಿ ಗಿಡವೊಂದನ್ನು ನೆಟ್ಟಿದ್ದೇವೆ. ಅದು ಫಲ ಕೊಡುವವರೆಗೆ ಪೇಟೆಯಲ್ಲಿ ಬುಟ್ಟಿ ಇಟ್ಟು ಕೂರುವವರ ಹಣ್ಣೇ ಗತಿ. ನಿಮ್ಮಂಗಳದಲ್ಲಿ ಇನ್ನೂ ಮರವಿದೆಯಾ?