ಎರಡು ನದಿಗಳ ನಡುವೆ ವೈದ್ಯವಿದ್ಯೆ

ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ. ನಡುವಣ ನಾಡು ರಾಯಚೂರು. ಈ ನೆಲಕ್ಕಾಗಿ ಅರಸರು ಶತಮಾನಗಳ ಕಾಲ ಕಾದಾಡಿದರು. 1294ರಲ್ಲಿ ಕಟ್ಟಿದ ಕೋಟೆ ಇಂದಿಗೂ ನಗರದ ನಡುವೆ ನಿಂತಿದೆ. ಆದರೆ ಈ ಸಲ ನಾವು ಹೋದದ್ದು ಕೋಟೆಯ ದರ್ಶನಕ್ಕಲ್ಲ. ದೇವದುರ್ಗ ತಾಲೂಕಿನ ನಮ್ಮ ಬಂಧುಗಳ ಮಗಳೊಬ್ಬಳಿಗೆ ರಾಯಚೂರಿನ ಸರ್ಕಾರಿ ವೈದ್ಯಕೀಯ ಕಾಲೇಜಿನಲ್ಲಿ ಪ್ರವೇಶ ದೊರೆತಿತ್ತು. ಅವಳನ್ನು ಹಾಸ್ಟೆಲಿಗೆ ಸೇರಿಸಿ ಬರುವ ಸಂತೋಷದ ಕಾರ್ಯದಲ್ಲಿ ನಾವೂ ಜೊತೆಯಾದೆವು.

ಒಂದು ಕಾಲದಲ್ಲಿ ಈ ಭಾಗದ ಮಕ್ಕಳು ವೈದ್ಯವಿದ್ಯೆ ಕಲಿಯಬೇಕಾದರೆ 1961ರಲ್ಲಿ ಆರಂಭವಾದ ಬಳ್ಳಾರಿಯ ಸರ್ಕಾರಿ ಕಾಲೇಜಿಗೋ, ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆಯು 1963ರಲ್ಲಿ ಕಲಬುರಗಿಯಲ್ಲಿ ತೆರೆದ ಮಹಾದೇವಪ್ಪ ರಾಂಪುರೆ ವೈದ್ಯಕೀಯ ಕಾಲೇಜಿಗೋ ಹೋಗಬೇಕಾಗಿತ್ತು. ರಾಯಚೂರಿಗೆ ವೈದ್ಯಸೇವೆ ಹೊಸದೇನಲ್ಲ. ಇಲ್ಲಿ ಹಮ್‌ದರ್ದ್ ಶಾಲೆಯನ್ನು ಕಟ್ಟಿದ ಪಂಡಿತ ತಾರಾನಾಥರು ಆಯುರ್ವೇದ ವೈದ್ಯರೂ ಆಗಿದ್ದರು. ಮುಂದೆ ತುಂಗಭದ್ರೆಯ ದಡದಲ್ಲಿ ಪ್ರೇಮಾಯತನವನ್ನು ಸ್ಥಾಪಿಸಿದರು. ಆದರೆ ಆಧುನಿಕ ವೈದ್ಯಕೀಯ ಕಾಲೇಜು ಬರಲು ಹೊಸ ಶತಮಾನವೇ ಹುಟ್ಟಬೇಕಾಯಿತು. 2002ರಲ್ಲಿ ನವೋದಯ ವೈದ್ಯಕೀಯ ಕಾಲೇಜು, 2007ರಲ್ಲಿ ರಾಯಚೂರು ವೈದ್ಯಕೀಯ ವಿಜ್ಞಾನಗಳ ಸಂಸ್ಥೆ, ಅಂದರೆ ರಿಮ್ಸ್, ಆರಂಭವಾದವು. ನವೋದಯದ ಆವರಣದಲ್ಲಿ ದಂತವೈದ್ಯ, ನರ್ಸಿಂಗ್, ಔಷಧ ಶಾಸ್ತ್ರ, ಫಿಸಿಯೋಥೆರಪಿಗಳ ಶಿಕ್ಷಣವೂ ಉಂಟು.

ನಮ್ಮ ಹುಡುಗಿಗೆ ಸೀಟು ದೊರೆತದ್ದರ ಹಿಂದೆ ಇನ್ನೊಂದು ಹೋರಾಟದ ಫಲವಿದೆ. 2012ರ ಕೊನೆಯಲ್ಲಿ ಸಂಸತ್ತು ಅಂಗೀಕರಿಸಿದ ತಿದ್ದುಪಡಿಯಿಂದ ಸಂವಿಧಾನಕ್ಕೆ 371(ಜೆ) ವಿಧಿ ಸೇರಿತು. ಅದರ ಬಲದಿಂದ ಈ ಭಾಗದ ಕಾಲೇಜುಗಳ ಸೀಟುಗಳಲ್ಲಿ ಶೇಕಡಾ 70ರಷ್ಟು ಇಲ್ಲಿಯ ಮಕ್ಕಳಿಗೆ ಮೀಸಲಾದವು. ಎಂ.ಬಿ.ಬಿ.ಎಸ್. ಎಂದರೆ ನಾಲ್ಕೂವರೆ ವರ್ಷದ ಓದು, ಮೇಲೆ ಒಂದು ವರ್ಷ ಆಸ್ಪತ್ರೆಯಲ್ಲಿ ತರಬೇತಿ. ಈಚಿನ ಪಠ್ಯಕ್ರಮದಲ್ಲಿ ನಮ್ಮ ಮನಸ್ಸಿಗೆ ಹಿಡಿಸಿದ ಸಂಗತಿಯೊಂದಿದೆ. ಪ್ರತಿಯೊಬ್ಬ ವಿದ್ಯಾರ್ಥಿಯೂ ಹಳ್ಳಿಯ ಕೆಲವು ಕುಟುಂಬಗಳನ್ನು ದತ್ತು ಪಡೆದು, ಮತ್ತೆ ಮತ್ತೆ ಅವರ ಮನೆಗೆ ಹೋಗಿ ಆರೋಗ್ಯ ವಿಚಾರಿಸಬೇಕು. ರೋಗಿ ವೈದ್ಯನನ್ನು ಹುಡುಕುವ ಮೊದಲೇ ವೈದ್ಯನು ಮನೆಯ ಹೊಸ್ತಿಲಿಗೆ ಬರುವ ಪಾಠವಿದು.

ಇದನ್ನು ಕೇಳಿದಾಗ ದೂರದೇಶದ ಚರಿತ್ರೆಯೊಂದು ನೆನಪಾಯಿತು. ಅಮೆರಿಕದ ಆಂಡ್ರ್ಯೂ ಟೇಲರ್ ಸ್ಟಿಲ್ ಎಂಬ ವೈದ್ಯರು 1864ರಲ್ಲಿ ಮಿದುಳುಪೊರೆಯ ಜ್ವರಕ್ಕೆ ತಮ್ಮ ಮಕ್ಕಳನ್ನೇ ಕಳೆದುಕೊಂಡರು. ಅಂದಿನ ಮದ್ದುಗಳಲ್ಲಿ ನಂಬಿಕೆ ಹೋಯಿತು. ದೇಹವೆಲ್ಲ ಒಂದೇ, ಎಲುಬು ಕೀಲುಗಳನ್ನು ಕೈಯಿಂದ ಅರಿತು ಚಿಕಿತ್ಸೆ ಮಾಡಬೇಕೆಂಬ ಆಸ್ಟಿಯೋಪಥಿಯನ್ನು ಅವರು ರೂಪಿಸಿದರು. 1892ರಲ್ಲಿ ಅದರ ಮೊದಲ ಶಾಲೆಯನ್ನು ತೆರೆದದ್ದು ಮಹಾನಗರದಲ್ಲಲ್ಲ, ಕರ್ಕ್ಸ್‌ವಿಲ್ ಎಂಬ ಸಣ್ಣ ಊರಿನಲ್ಲಿ. ಮೊದಲ ತಂಡದಲ್ಲಿಯೇ ಮಹಿಳೆಯರಿದ್ದರು. ಇಂದು ಅಲ್ಲಿ ಆ ಪದವೀಧರರು ಔಷಧ, ಶಸ್ತ್ರಚಿಕಿತ್ಸೆ ಎಲ್ಲವನ್ನೂ ಮಾಡುವ ಪೂರ್ಣ ವೈದ್ಯರು. ಸಣ್ಣ ಊರಿನ ಶಾಲೆಯೂ ಬೆಳೆಯಬಲ್ಲುದೆಂಬುದಕ್ಕೆ ಇದು ಸಾಕ್ಷಿ.

ಹುಡುಗಿಯನ್ನು ಬಿಟ್ಟು ನಾವು ಮಾನ್ವಿಯ ದಾರಿ ಹಿಡಿದೆವು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿದಲ್ಲೆಲ್ಲ ಭತ್ತದ ಹಸಿರು. ಮಾನ್ವಿಯು ಹರಿದಾಸರಾದ ಜಗನ್ನಾಥದಾಸರ ಊರು. ಅಲ್ಲಿ ಬಂಧುಗಳ ಮನೆಯಲ್ಲಿ ಪ್ರಸಾದ ಸ್ವೀಕರಿಸಿ, ಸಿರವಾರದ ಮೇಲೆ ದೇವದುರ್ಗಕ್ಕೆ ಹೊರಟೆವು. ನೀರು ಕಾಣದ ಹೊಲಗಳಲ್ಲಿ ಹತ್ತಿ, ತೊಗರಿ, ನಡುನಡುವೆ ಕಲ್ಲುಗುಡ್ಡಗಳು. ದೇವದುರ್ಗದ ಬಸ್ ನಿಲ್ದಾಣದಲ್ಲಿ ವೃದ್ಧೆಯೊಬ್ಬರು ಎಕ್ಸ್-ರೇ ಚೀಲವನ್ನು ಎದೆಗವಚಿಕೊಂಡು ರಾಯಚೂರಿನ ಬಸ್ಸಿಗಾಗಿ ಕಾದು ಕುಳಿತಿದ್ದರು. ಕಾಲೇಜು ಬಂದಿದೆ, ನಿಜ. ಆದರೆ ಆ ತಾಯಿಗೆ ಅದು ಇನ್ನೂ ಐವತ್ತು ಕಿಲೋಮೀಟರಿಗೂ ದೂರವೇ ಇದೆ.

ಸಂಜೆ ಬಂಧುಗಳ ಮನೆ ಸೇರಿದೆವು. ಹುಡುಗಿಯ ಅಜ್ಜಿ ಬಾಗಿಲಲ್ಲೇ ಕೇಳಿದರು: "ಆಕಿ ಓದು ಮುಗಿಸಿ ನಮ್ಮೂರಿಗೇ ಬರ್ತಾಳೇನ್ರೀ?"

ನಮಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ದೊಡ್ಡ ನಗರಗಳ ಆಕರ್ಷಣೆ ಸಣ್ಣದಲ್ಲ. ಮಗಳು ದೊಡ್ಡ ಆಸ್ಪತ್ರೆಯ ವೈದ್ಯೆಯಾಗಲೆಂದು ಬಯಸುವ ನಮ್ಮ ಆಸೆಯೂ ಸಣ್ಣದಲ್ಲ. ಆದರೆ ಹನ್ನೆರಡನೆಯ ಶತಮಾನದ ಶರಣರಲ್ಲಿ ವೈದ್ಯ ಸಂಗಣ್ಣನೂ ಒಬ್ಬ. ಅವನಿಗೆ ರೋಗಿಯ ನಾಡಿ ಹಿಡಿಯುವುದೇ ಕಾಯಕವಾಗಿತ್ತು. ಆ ಪರಂಪರೆಯ ನಾವು ಮಕ್ಕಳಿಗೆ ಸೀಟು ಕೊಡಿಸುವುದರಲ್ಲಿ ತೋರುವ ಉತ್ಸಾಹವನ್ನು, ಅವರು ಊರಿಗೆ ಮರಳಿದಾಗ ಬೆನ್ನಿಗೆ ನಿಲ್ಲುವುದರಲ್ಲಿಯೂ ತೋರಬೇಡವೆ? ಚಿಕಿತ್ಸಾಲಯಕ್ಕೊಂದು ಜಾಗ, ಇರಲೊಂದು ಮನೆ, ಮೇಲಾಗಿ ಗೌರವ: ಇವನ್ನು ಊರವರು ಒದಗಿಸಿದರೆ ಅದೂ ದಾಸೋಹವೇ.

"ನಾವು ಕರೆದರೆ ಬರುತ್ತಾಳೆ, ಅಮ್ಮಾ," ಎಂದೆವು. ಅಜ್ಜಿ ನಕ್ಕು, ಇಷ್ಟಲಿಂಗವನ್ನು ಕಣ್ಣಿಗೊತ್ತಿಕೊಂಡರು.