ಕಡಲುಗಳ್ಳರ ಅಂಗಡಿಯ ಹಿಂದೆ

ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರದ ಮಿಷನ್ ಬಡಾವಣೆ. ವೆಲೆನ್ಸಿಯಾ ಬೀದಿಯ 826ನೆಯ ನಂಬರಿನ ಕಟ್ಟಡವನ್ನು ಹೊಕ್ಕವರಿಗೆ ಮೊದಲು ಕಾಣುವುದು ಕಡಲುಗಳ್ಳರ ಸಾಮಗ್ರಿ: ಕಣ್ಣಿಗೆ ಕಟ್ಟುವ ಕರಿಯ ಪಟ್ಟಿ, ಗಾಜಿನ ಕಣ್ಣು, ಬಾವುಟ. ಗಿರಾಕಿಗಳು ಮಾತ್ರ ಸಭ್ಯ ನಾಗರಿಕರೇ! 2002ರಲ್ಲಿ ಲೇಖಕ ಡೇವ್ ಎಗ್ಗರ್ಸ್ ಮತ್ತು ಶಿಕ್ಷಕಿ ನೀನಿವೆ ಕಾಲೆಗಾರಿ ಇಲ್ಲಿ ಮಕ್ಕಳ ಬರವಣಿಗೆಗೆಂದು ಒಂದು ಕೇಂದ್ರವನ್ನು ತೆರೆಯಹೊರಟಾಗ, ಆ ಸ್ಥಳದಲ್ಲಿ ವ್ಯಾಪಾರ ನಡೆಯಲೇಬೇಕೆಂಬ ನಿಬಂಧನೆ ಅಡ್ಡಬಂದಿತು. ಅಂಗಡಿ ಹುಟ್ಟಿದ್ದು ಹಾಗೆ.

ಅದನ್ನು ದಾಟಿದರೆ ಮೇಜುಗಳು, ಮಕ್ಕಳು. ಅವರ ಪಕ್ಕದಲ್ಲಿ ಸ್ವಯಂಸೇವಕರೊಡನೆ ಕಾಲೇಜಿನ ತರುಣ ತರುಣಿಯರು. ಬೇಸಗೆಯ ಶಿಬಿರಗಳಲ್ಲಿ ನೆರವಾಗುತ್ತ ಕೆಲಸ ಕಲಿಯಲು ಬಂದವರು. ಕಾಗದ ಹಂಚುವುದು, ಪೆನ್ಸಿಲು ಜೋಡಿಸುವುದು ಸುಲಭ. ಮಗುವಿನ ಬಳಿ ಕುಳಿತು ತನ್ನ ಕೈಯನ್ನು ತಾನೇ ತಡೆದುಕೊಳ್ಳುವುದು ಕಷ್ಟ. ಸಾಹಿತ್ಯ ಓದಿದ ಕೈ ಸುಮ್ಮನಿರಲಾರದಷ್ಟೆ! ಎಂಟು ವರ್ಷದ ಬಾಲಕನೊಬ್ಬ ಕಥೆಯ ನಡುವೆ ತಿಮಿಂಗಿಲವನ್ನು ಬಸ್ಸು ಹತ್ತಿಸಿದನೆನ್ನಿ. ಟಿಕೆಟ್ಟು ಕೊಂಡವರಾರೆಂದು ಕೇಳಬಹುದು, ತಿಮಿಂಗಿಲವನ್ನು ಇಳಿಸಬಾರದು. ಈ ಬಡಾವಣೆಯ ಎಷ್ಟೋ ಮನೆಗಳ ಮಾತು ಸ್ಪ್ಯಾನಿಷ್. ಕಾಗುಣಿತದ ತಪ್ಪಿಗೆ ಶಾಲೆಯಲ್ಲಿ ನಾಚಿದ ಬಾಲಕಿ ಇಲ್ಲಿಯೂ ಮೊದಲು ತಪ್ಪನ್ನೇ ಕೇಳಿದರೆ, ಪುಸ್ತಕ ಮುಚ್ಚಿ ಕೂರುವಳು. ಆದುದರಿಂದ ಮೊದಲು ಕಥೆ, ಅನಂತರ ತಿದ್ದುವಿಕೆ. ಬರೆಯಲಾರದ ಪುಟ್ಟವರು ಹೇಳುತ್ತ ಹೋದರೆ, ಹಿರಿಯರು ಅವರ ಮಾತಿನಲ್ಲಿಯೇ ಬರೆದುಕೊಳ್ಳುವುದೂ ಉಂಟು.

ಹೀಗೆ ಹುಟ್ಟಿದ ಬರಹಗಳಲ್ಲಿ ಹಲವು ಅಚ್ಚಾಗಿ, ಮುಂದಿನ ಅಂಗಡಿಯಲ್ಲಿ ಕಡಲುಗಳ್ಳರ ಸರಕಿನ ಜೊತೆಗೇ ಮಾರಾಟಕ್ಕೆ ಬರುತ್ತವೆ.