ಒಂಬತ್ತರಲ್ಲೊಂದು ಕುದುರೆ

‘ಇಷ್ಟು ದೊಡ್ಡವಳಾದೆ, ಇನ್ನೂ ಗೊಂಬೆಯಾಟವೇ?’ ಎಂದು ಗದರುವ ಅಪ್ಪ-ಅಮ್ಮ ಅಮೆರಿಕದಲ್ಲೂ ಇರುತ್ತಾರೆ. ಲಾಯವಿಲ್ಲದ ಮನೆಯ ಹುಡುಗಿಗೆ ಪ್ಲಾಸ್ಟಿಕ್ ಕುದುರೆಯೇ ಕುದುರೆ. ಬ್ರೇಯರ್ ಕಂಪನಿಯ ದೊಡ್ಡ ಮಾದರಿ ನಿಜ ಗಾತ್ರದ ಒಂಬತ್ತರಲ್ಲೊಂದು ಪಾಲು. ಭುಜದೆತ್ತರ ಸುಮಾರು 17 ಸೆಂ.ಮೀ. ಹವ್ಯಾಸಿಗಳ ಫೋಟೊ ಸ್ಪರ್ಧೆಗೆ ಹೋಗುವುದು ಕುದುರೆಯಲ್ಲ, ಅದರ ಚಿತ್ರ. ಚಿತ್ರದಲ್ಲಿ ಅದು ಜೀವಂತವೆನಿಸಬೇಕು.

ನಿಂತು ತೆಗೆದರೆ ಆಟಿಕೆ ಆಟಿಕೆಯೇ. ಹುಡುಗಿ ನೆಲಕ್ಕೆ ಮೊಣಕೈಯೂರಿ ಕ್ಯಾಮೆರಾವನ್ನು ಕುದುರೆಯ ಕಣ್ಣಿನ ಮಟ್ಟಕ್ಕೆ ಇಳಿಸುತ್ತಾಳೆ. ಹತ್ತಿರದಿಂದ ತೆಗೆಯುವಾಗ ಮೂತಿ ಸ್ಪಷ್ಟವಾದರೆ ಬಾಲ ಮಸುಕು. ಲೆನ್ಸಿನ ರಂಧ್ರ ಕಿರಿದಾಗಿಸಿದರೆ ಎರಡೂ ಸ್ಪಷ್ಟ. ಆದರೆ ಬೆಳಕು ಕಡಿಮೆಯಾಗುವುದರಿಂದ ಕ್ಯಾಮೆರಾ ಅಲುಗಬಾರದು. ಕೊನೆಗೆ 10 ಸೆಂ.ಮೀ. ಹುಲ್ಲೊಂದು ಗುಟ್ಟು ರಟ್ಟು ಮಾಡುತ್ತದೆ: ಆ ಕುದುರೆಗೆ ಅದು 90 ಸೆಂ.ಮೀ.! ಅವಳು ಅದನ್ನು ಕಿತ್ತೆಸೆಯುತ್ತಾಳೆ.

ಹಾಗೆ ಕಲಿತ ಅನುಪಾತವನ್ನು ಪರೀಕ್ಷೆ ಮುಗಿದ ಮೇಲೂ ಮರೆಯಲಾರಳು.